ದ್ಯಾವಣ್ಣ ಕೇಳಿದ ಉಳಿ

ಹಿಂದೆ, ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ದ್ಯಾವಣ್ಣನೆಂಬ ಬಡಗಿಯಿದ್ದನು.

ಅವನು ಹುಟ್ಟಿದ್ದು ಒಕ್ಕಲು ಮನೆಯಲ್ಲಿ. ಉತ್ತ ಹೊಲವನ್ನು ಸಮ ಮಾಡಲು ಅವನ ಅಪ್ಪ ಎತ್ತುಗಳ ಹಿಂದೆ ಹಲಗೆ ಕಟ್ಟಿ, ಭಾರಕ್ಕೆಂದು ಮಗನನ್ನು ಅದರ ಮೇಲೆ ಕೂರಿಸುತ್ತಿದ್ದನು. ಹೆಂಟೆಗಳ ಮೇಲೆ ಕುಲುಕುತ್ತ ಸಾಗಿದ ಹುಡುಗನ ಮನಸ್ಸು ಹೊಲಕ್ಕಿಂತ ಹಲಗೆಯನ್ನೇ ಹಿಡಿಯಿತು. ಮೊದಲು ನೊಗ ಮಾಡಿದನು. ಆಮೇಲೆ ಬೀಜ ಬಿತ್ತುವ ಕೂರಿಗೆ ಮಾಡಿದನು. ಕೊನೆಗೆ ಅರಮನೆಯ ಬಾಗಿಲುಗಳನ್ನೆಲ್ಲ ಮಾಡಿದನು. ತಲೆ ನರೆತ ಮೇಲೆ ರಾಜ ಶೂರಕೇತು ಅವನಿಗೆ ಶಾಲು ಹೊದಿಸಿ, “ಇನ್ನು ಮನೆಯಲ್ಲಿ ಸುಮ್ಮನೆ ಕೂತಿರು” ಎಂದನು.

ದ್ಯಾವಣ್ಣ ಕೂತನು. ಆದರೆ ಅವನ ಕೈಗಳು ಕೂರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ತನ್ನ ಸಂತೋಷಕ್ಕೆಂದು ಬೊಂಬೆ ಕೆತ್ತತೊಡಗಿದನು. ಕೆಲಸ ಮಾಡುವಾಗ ಅವನು ಮರದಿಂದ ಕಣ್ಣೆತ್ತುತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ, “ಉಳಿ” ಎನ್ನುತ್ತಿದ್ದನು. ಹೆಂಡತಿ ಕೆಂಚಮ್ಮ ಉಳಿಯನ್ನು ತಂದು ಆ ಕೈಯಲ್ಲಿ ಇಡುತ್ತಿದ್ದಳು.

ಒಂದು ದಿನ ಅವನು ಮರಕುಟಿಗವನ್ನು ಕೆತ್ತಿ ಮುಗಿಸಿದನು.

ಕೆಂಚಮ್ಮ ಅದನ್ನು ತಿರುಗಿಸಿ ನೋಡಿದಳು. “ಮರದಲ್ಲಿ ಮರಕುಟಿಗ ಮಾಡಿದ್ದೀರಿ. ಇದು ಯಾರನ್ನು ಕುಟುಕಬೇಕು, ತನ್ನನ್ನೇ?”

“ಚೆಂದಕ್ಕೆ ಮಾಡಿದ್ದು.”

“ಮದುವೆಯಾದ ವರ್ಷ ನಿಮ್ಮನ್ನು ಒಂದು ಮಣೆ ಕೇಳಿದ್ದೆ. ಊರಿಗೆಲ್ಲ ಬಾಗಿಲು ಮಾಡಿದಿರಿ. ನಾನಿನ್ನೂ ಬರಿನೆಲದ ಮೇಲೆ ಕೂತು ರಾಗಿ ಬೀಸುತ್ತಿದ್ದೇನೆ.”

“ನಾಳೆ ಮಾಡುತ್ತೇನೆ.”

“ನಿಮ್ಮ ನಾಳೆಗೂ ತಲೆ ನರೆಯಿತು” ಎಂದು ಕೆಂಚಮ್ಮ ಒಳಗೆ ಹೋದಳು.

ಆ ದಿನಗಳಲ್ಲೇ ಅದಲಯ್ಯನೆಂಬ ಮಾಂತ್ರಿಕ ಸುರಗಿಪುರಕ್ಕೆ ಬಂದನು. ಅವನಿಗೆ ಸಿಂಹಾಸನ ಬೇಕಾಗಿತ್ತು. ಜನ ಗಲಿಬಿಲಿಯಲ್ಲಿರುವಾಗ ಅದರ ಮೇಲೆ ಹೋಗಿ ಕೂತರಾಯಿತು ಎಂದುಕೊಂಡನು. ವಸ್ತುಗಳನ್ನು ಇದ್ದಲ್ಲೇ ಇರಿಸುವ ಮಾತುಗಳನ್ನು ಮೊದಲು ಹಿಡಿದನು. “ನಿಲ್ಲು”, “ಇರು”, “ತಾಳು”, “ಹೋಗಬೇಡ” ಇವೆಲ್ಲದರ ಶಕ್ತಿಯನ್ನು ಹೀರಿ ಒಂದು ಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಮೇಣ ಮೆತ್ತಿದನು. ಆಮೇಲೆ ಮಂತ್ರ ಊದಿದನು.

ಅಂದಿನಿಂದ ಯಾವುದೂ ತನ್ನ ಜಾಗದಲ್ಲಿ ಇರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿದ್ದ ಬಾವಿ ಮಧ್ಯಾಹ್ನಕ್ಕೆ ದಿಬ್ಬ ಹತ್ತಿತು. ಹೆಂಗಸರು ಕೊಡ ಹೊತ್ತು ದಿಬ್ಬ ಹತ್ತಿದಾಗ ಬಾವಿ ನೇಕಾರರ ಬೀದಿಗೆ ಹೋಗಿತ್ತು. ತಮ್ಮ ಬಾಗಿಲು ತೆರೆದವರು ಬೇರೆಯವರ ಅಡುಗೆಮನೆಗೆ ಕಾಲಿಟ್ಟು, ಕ್ಷಮೆ ಕೇಳಿ, ಹಿಂದಿರುಗಿ, ಮತ್ತೊಬ್ಬರ ಅಡುಗೆಮನೆ ಸೇರಿದರು. ಮರದ ಬೊಂಬೆಗಳು ನಡೆಯತೊಡಗಿದವು, ನಡೆಯುವ ಮನುಷ್ಯರಲ್ಲಿ ಕೆಲವರು ಹಗುರಾಗಿ ತೇಲತೊಡಗಿದರು. ಸಿಂಹಾಸನವೂ ನಾಲ್ಕು ಕಾಲೆತ್ತಿ ಹೊರಟುಹೋಯಿತು. ಅದಲಯ್ಯ ಪಂಚೆ ಎತ್ತಿಕಟ್ಟಿ ಅದರ ಹಿಂದೆ ಓಡಿದನು. ಇದನ್ನು ಅವನು ಯೋಚಿಸಿರಲಿಲ್ಲ.

ಕೆಂಚಮ್ಮ ಮೊದಲ ಸಲ ಅಡುಗೆಮನೆಗೆಂದು ಹೋದವಳು ಕುಂಬಾರನ ಮನೆಯಿಂದ ಹೊರಬಂದಳು. ಕುಂಬಾರ ಅವಳನ್ನು ಗಾಳಿಪಟದಂತೆ ಕೈ ಹಿಡಿದು ಮನೆಗೆ ಕರೆತಂದನು. ಎರಡನೆಯ ಸಲ ಹೊಳೆಯ ಆಚೆಗೆ ಸಿಕ್ಕಳು. ಮೂರನೆಯ ಸಲ ಬೀಸುವ ಕಲ್ಲಿನ ಮುಂದಿನಿಂದ ಎದ್ದಾಗ ಅವಳ ಪಾದ ನೆಲಕ್ಕೆ ತಾಗಲೇ ಇಲ್ಲ.

“ಇರು, ಕೆಂಚಿ. ಹೋಗಬೇಡ” ಎಂದನು ದ್ಯಾವಣ್ಣ.

ಆ ಮಾತುಗಳು ಹೊಟ್ಟಿನಂತೆ ಉದುರಿ ಬಿದ್ದವು.

“ನಾನೆಲ್ಲಿ ಹೋಗುತ್ತಿದ್ದೇನೆ? ಕಾಲು ಹೋಗುತ್ತಿದೆ” ಎಂದಳು ಕೆಂಚಮ್ಮ. “ಒಲೆಯ ಮೇಲೆ ಸಾರಿದೆ, ನೋಡಿಕೊಳ್ಳಿ.” ಹಾಗೆಂದು ಗೋಡೆ ದಾಟಿ ತೇಲಿಹೋದಳು.

ಕುರಿ ಕಾಯುವವನೊಬ್ಬ ಬಂದು ಹೇಳಿದನು: “ಅಮ್ಮ ಗಡಿಗುಡ್ಡದ ಕಡೆಗೆ ಹೋದರು ಅಣ್ಣ. ಆ ಗುಡ್ಡ ದಾಟಿ ತೇಲಿಹೋದವರು ಇದುವರೆಗೆ ತಿರುಗಿ ಬಂದಿಲ್ಲ.”

ದ್ಯಾವಣ್ಣನಿಗೆ ದಿಕ್ಕು ತೋಚಲಿಲ್ಲ. ಆಗ ಅಪ್ಪನ ಹೊಲದ ನೆನಪಾಯಿತು. ಹಲಗೆ ಹಾರದಿರಲೆಂದು ಅದರ ಮೇಲೆ ತನ್ನನ್ನು ಕೂರಿಸುತ್ತಿದ್ದನು. ಹಾಗಾದರೆ ಕೆಂಚಮ್ಮ ಹಾರದಿರಲು ಅವಳನ್ನು ಒಂದು ಹಲಗೆಯ ಮೇಲೆ ಕೂರಿಸಬೇಕೇ, ಅಥವಾ ಹಲಗೆಯನ್ನು ಅವಳ ಮೇಲೆ ಇಡಬೇಕೇ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಮಣೆಯಂತೂ ಬೇಕು ಎಂದು ಹಲಸಿನ ಹಲಗೆಯೊಂದನ್ನು ಹೆಗಲಿಗೇರಿಸಿದನು. ಮರದ ಮರಕುಟಿಗ ಕೊಕ್ಕಿನಲ್ಲಿ ಉಳಿಯನ್ನು ಕಚ್ಚಿಕೊಂಡು ಅವನ ಹಿಂದೆ ಕುಪ್ಪಳಿಸುತ್ತ ಹೊರಟಿತು.

ಮನೆಯ ಬಾಗಿಲು ದಾಟಿದರೆ ಅರಮನೆಯ ಲಾಯ ಬಂದಿತು. ಹುಲ್ಲಿನ ಮೇಲೆ ರಾಜ ಶೂರಕೇತು ಕೂತಿದ್ದನು.

“ದ್ಯಾವಣ್ಣ, ನೀನು ಮಾಡಿದ ಬಾಗಿಲು ನನ್ನನ್ನು ಕುದುರೆಗಳ ಜೊತೆ ತಂದು ಬಿಟ್ಟಿದೆ.”

“ಬಾಗಿಲು ಸರಿಯಾಗಿಯೇ ಇದೆ, ಪ್ರಭು. ಅದರ ಆಚೆಗೆ ಏನಿರಬೇಕೆಂಬುದು ಬಡಗಿಯ ಕೈಯಲ್ಲಿಲ್ಲ. ಗಡಿಗುಡ್ಡ ಯಾವ ಕಡೆ?”

“ಬೆಳಿಗ್ಗೆ ಮೂಡಣಕ್ಕಿತ್ತು. ಈಗ ಮೂಡಣ ಯಾವ ಕಡೆಯೋ ನನಗೆ ತಿಳಿಯದು.”

ದ್ಯಾವಣ್ಣ ಕೈಮುಗಿದು ನಡೆದನು. ನಡೆದು ನಡೆದು ಒಂದು ಹೊಳೆಗೆ ಬಂದನು. ಅದರ ಮೇಲೆ ಮರದ ಸೇತುವೆಯಿತ್ತು. ಅವನು ಕಾಲಿಟ್ಟರೆ ಸೇತುವೆ ಎಡಕ್ಕೆ ಸರಿಯಿತು. ಎಡಕ್ಕೆ ಹೋದರೆ ಬಲಕ್ಕೆ ಸರಿಯಿತು. ಇದರ ಗೂಟ ಸಡಿಲವಾಗಿರಬೇಕು ಎಂದು ಮೊಣಕಾಲೂರಿ ಕೂತು, ಅಭ್ಯಾಸದಂತೆ ಕೈಯನ್ನು ಹಿಂದಕ್ಕೆ ಚಾಚಿ, “ಉಳಿ” ಎಂದನು. ಮರಕುಟಿಗ ಉಳಿಯನ್ನು ಕೈಯಲ್ಲಿಟ್ಟಿತು. ಸೇತುವೆ ಅಲುಗದೆ ನಿಂತಿತು. ಗೂಟ ನೋಡಿದರೆ ಬಿಗಿಯಾಗಿಯೇ ಇತ್ತು. ದ್ಯಾವಣ್ಣನಿಗೆ ಏನೂ ಅರ್ಥವಾಗಲಿಲ್ಲ. ಅವನು ದಾಟಿ ನಡೆದನು.

ನಡೆದು ನಡೆದು ಒಂದು ಕಾಡಿಗೆ ಬಂದನು. ದಾರಿಗಡ್ಡ ಒಂದು ಮೃಗ ನಿಂತಿತ್ತು. ಅದರ ಮುಂಭಾಗ ಹುಲಿ, ಹಿಂಭಾಗ ಎತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂಭಾಗ ಎತ್ತು, ಹಿಂಭಾಗ ಹುಲಿ.

“ಯಜಮಾನ, ನಿನ್ನನ್ನು ತಿನ್ನಬೇಕೋ, ನಿನ್ನ ಗಾಡಿ ಎಳೆಯಬೇಕೋ ನನಗೆ ತಿಳಿಯುತ್ತಿಲ್ಲ” ಎಂದಿತು ಮೃಗ.

“ನನ್ನ ಹತ್ತಿರ ಗಾಡಿ ಇಲ್ಲವಲ್ಲ.”

“ಹಾಗಾದರೆ ತಿನ್ನಬೇಕೆಂದು ಕಾಣುತ್ತದೆ” ಎಂದು ಮೃಗ ಬೇಸರದಿಂದ ಕುಂಟುತ್ತ ಮುಂದೆ ಬಂದಿತು.

ಗೊರಸಿನಲ್ಲಿ ಮರದ ಸಿಬುರು ನೆಟ್ಟಿತ್ತು. ಒಕ್ಕಲು ಮನೆಯಲ್ಲಿ ಬೆಳೆದವನು ಕುಂಟುವ ಎತ್ತನ್ನು ನೋಡಿ ಸುಮ್ಮನಿರಲಾರ. ದ್ಯಾವಣ್ಣ ಆ ಕಾಲನ್ನೆತ್ತಿ ತೊಡೆಯ ಮೇಲಿಟ್ಟು, ಕೈಯನ್ನು ಹಿಂದಕ್ಕೆ ಚಾಚಿ, “ಉಳಿ” ಎಂದನು. ಮರಕುಟಿಗ ಉಳಿಯನ್ನು ಕೊಟ್ಟಿತು. ಸಿಬುರು ತೆಗೆದು ತಲೆಯೆತ್ತಿದರೆ ಮೃಗ ಮೂಗಿನಿಂದ ಬಾಲದವರೆಗೆ ಎತ್ತಾಗಿಯೇ ಉಳಿದಿತ್ತು. ಇದೂ ಅವನಿಗೆ ಅರ್ಥವಾಗಲಿಲ್ಲ. ಎತ್ತು ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಗಡಿಗುಡ್ಡಕ್ಕೆ ತಂದಿತು.

ಗುಡ್ಡದ ನೆತ್ತಿಯಲ್ಲಿ ಕೆಂಚಮ್ಮ ಹತ್ತಿಯ ಎಳೆಯಂತೆ ತೇಲುತ್ತಿದ್ದಳು. ಒಂದು ಪಾದ ಆಗಲೇ ಗಡಿಯ ಮೇಲಿತ್ತು. ಕೈಗೆಟುಕದಷ್ಟು ಎತ್ತರದಲ್ಲಿದ್ದಳು. ದ್ಯಾವಣ್ಣ ಹಲಗೆಯನ್ನು ನೆಲಕ್ಕಿಳಿಸಿ ಮಣೆಯ ಕೆಲಸಕ್ಕೆ ಕೂತನು.

ಬಂಡೆಯ ಮರೆಯಿಂದ ಅದಲಯ್ಯ ಏದುಸಿರು ಬಿಡುತ್ತ ಬಂದನು. “ಏನದು ಮುದುಕ?”

“ಮಣೆ.”

“ಸಿಂಹಾಸನ ನನ್ನ ಕೈಗೆ ಸಿಗಲಿಲ್ಲ. ಕಾಲು ಸೋತುಹೋಗಿದೆ. ಅದನ್ನಾದರೂ ಕೊಡು, ಕೂರುತ್ತೇನೆ.”

“ಇದು ಅವಳದು.”

“ಅವಳು ಹೊರಟವಳು. ಅವಳಿಗೇಕೆ?”

“ಕೇಳಿ ಬಹಳ ಕಾಲವಾಯಿತು. ಕೊಡಬೇಕು.”

ಅದಲಯ್ಯನಿಗೆ ರೇಗಿತು. “ನನಗಿಲ್ಲದ್ದು ಯಾರಿಗೂ ಬೇಡ” ಎಂದು ಗೆದ್ದಲು ಹುಳುವಾಗಿ ಹಲಗೆಯೊಳಗೆ ನುಗ್ಗಿದನು. ಹಲಗೆಯಿಂದ ಪುಡಿ ಸುರಿಯತೊಡಗಿತು.

ಇತ್ತ ಮಣೆ ಪುಡಿಯಾಗುತ್ತಿತ್ತು, ಅತ್ತ ಕೆಂಚಮ್ಮನ ಎರಡನೆಯ ಪಾದವೂ ಗಡಿಯ ಕಡೆಗೆ ಏಳುತ್ತಿತ್ತು. ಯಾವುದನ್ನು ನೋಡಬೇಕೆಂದು ದ್ಯಾವಣ್ಣನಿಗೆ ತಿಳಿಯಲಿಲ್ಲ. ಕೆಲಸದ ನಡುವೆ ಎಂದೂ ಕಣ್ಣೆತ್ತದವನು ಅಂದು ಕಣ್ಣೆತ್ತಿದನು. ಕೈಯನ್ನು ಹಿಂದಕ್ಕಲ್ಲ, ಅವಳ ಕಡೆಗೆ ಚಾಚಿದನು.

“ಉಳಿ” ಎಂದನು.

ಕೆಂಚಮ್ಮ ಉಳಿದಳು.

ಬಡಗಿಗಳು ದಿನವಿಡೀ ಕೂಗುವ ಆ ಮಾತನ್ನು ಅದಲಯ್ಯ ಕೇಳಿದ್ದನು. ಅದು ಕಬ್ಬಿಣದ ಹತಾರಿನ ಹೆಸರು ಎಂದುಕೊಂಡು ಬುರುಡೆಗೆ ಹಾಕದೆ ಬಿಟ್ಟಿದ್ದನು. ಈಗ ಅವನೂ ಉಳಿದನು, ಗೆದ್ದಲಾಗಿಯೇ. ಮರಕುಟಿಗ ಹಲಗೆಯನ್ನು ಒಮ್ಮೆ ಕುಟ್ಟಿ ಅವನನ್ನು ಹೊರಗೆಳೆದು ನುಂಗಿತು. ಅವನು ಸತ್ತೊಡನೆ ಅವನ ಸೋರೆಬುರುಡೆ ಒಡೆದು, ಹಿಡಿದಿಟ್ಟ ಮಾತುಗಳೆಲ್ಲ ರಾಜ್ಯಕ್ಕೆ ಹಿಂದಿರುಗಿದವು. ತೇಲಿಹೋಗಿದ್ದವರು ಗುಡ್ಡದ ಆಚೆಯಿಂದ ನಡೆದುಕೊಂಡು ಬಂದರು. ಕೆಂಚಮ್ಮ ಮೆಲ್ಲನೆ ಕೆಳಗಿಳಿದು, ಗೆದ್ದಲು ಅರ್ಧ ತಿಂದ ಮಣೆಯ ಮೇಲೆ ಕೂತಳು.

“ಒಂದು ಕಡೆ ವಾಲುತ್ತದೆ” ಎಂದಳು.

“ನಾಳೆ ಸರಿ ಮಾಡುತ್ತೇನೆ” ಎಂದನು ದ್ಯಾವಣ್ಣ.

ರಾಜನ ಸಿಂಹಾಸನ ಒಂದು ಅವರೆ ಹೊಲದಲ್ಲಿ ಸಿಕ್ಕಿತು. ಎತ್ತು ಅದನ್ನು ಅರಮನೆಗೆ ಎಳೆದು ತಂದಿತು. ಬಾವಿಯನ್ನು ಮಾತ್ರ ಯಾರೂ ಹೊರಲಾರದೆ ಅದು ನೇಕಾರರ ಬೀದಿಯಲ್ಲೇ ಉಳಿಯಿತು. ನೇಕಾರರು ಸಂತೋಷಪಟ್ಟರು.

ಕೆಂಚಮ್ಮ ವಾಲುವ ಮಣೆಯ ಮೇಲೆ ಕೂತು ರಾಗಿ ಬೀಸುವಾಗ ಒಂದು ದಿನ ಕೇಳಿದಳು: “ಅಂದು ಗುಡ್ಡದ ಮೇಲೆ ನೀವು ಕೇಳಿದ್ದು ಉಳಿಯನ್ನೋ, ನನ್ನನ್ನೋ?”

ದ್ಯಾವಣ್ಣ ಕೆತ್ತುತ್ತಿದ್ದ ಮರದಿಂದ ಕಣ್ಣೆತ್ತಿದನು. “ಕೈ ಚಾಚಿದ್ದು ನೆನಪಿದೆ” ಎಂದನು.

ಕೆಂಚಮ್ಮ ಉಳಿಯನ್ನು ತಂದು ಅವನ ಕೈಯಲ್ಲಿಟ್ಟಳು. ಸ್ವಲ್ಪ ಹೊತ್ತು ತನ್ನ ಕೈಯನ್ನೂ ಅಲ್ಲೇ ಬಿಟ್ಟಳು. ಸುರಗಿಪುರದ ಜನರೆಲ್ಲ ಅಂದಿನಿಂದ ತಮ್ಮ ತಮ್ಮ ಮನೆಗಳಲ್ಲಿ, ತಮ್ಮ ತಮ್ಮವರ ಜೊತೆ, ಸುಖವಾಗಿ ಉಳಿದರು.