ಬೊಳ್ಳಮ್ಮಾಂಟಿಯ ಸೀತಾಳೆ

"ಶರ್ಮೀ, ಸೌದೆ ತರೋಕೆ ಹೋದೋಳು ಅಲ್ಲೇ ಬೇರು ಬಿಟ್ಟೆಯೇನೇ? ಒಲೆ ಆರ್ತಾ ಐತೆ!"

ಬಚ್ಚಲುಮನೆಯಿಂದ ರುದ್ರಮ್ಮಜ್ಜಿ ಕೂಗಿದರು. ಶರ್ಮಿಳಾ ಆಗಷ್ಟೇ ಸೌದೆ ರಾಶಿಯಿಂದ ಒಂದು ಹಲಸಿನ ಕೊಂಬೆ ಎಳೆದಿದ್ದಳು. ಕೊಂಬೆಯ ಜೊತೆಗೆ ಇನ್ನೇನೋ ಬಂತು.

ದಪ್ಪ ದಪ್ಪ ಎಲೆಗಳು. ಅಜ್ಜಿಯ ಕೈಯ ಹಾಗೆ ಸುಕ್ಕು ಸುಕ್ಕು. ಕೆಳಗೆ ಬಿಳಿ ಹುರಿಯಂಥ ಬೇರುಗಳು, ಅರ್ಧ ಕೊಂಬೆಗೆ ಅಂಟಿಕೊಂಡಿವೆ, ಅರ್ಧ ಕಿತ್ತು ಬಂದಿವೆ.

"ಅಯ್ಯೋ, ಸೀತಾಳೆ!"

ಮರೆತೇ ಹೋಗಿದ್ದ ಮಾತೊಂದು ಆಗ ನೆನಪಾಯಿತು.

ಸೀತಾಳೆ ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್. ಇವರ ಹಲಸಿನ ಮರದಲ್ಲಿ ಒಂದಿತ್ತು. ಅದು ಕೂತಿದ್ದ ಕೊಂಬೆ ಬೇಲಿ ದಾಟಿ ಪಕ್ಕದ ಮನೆಯ ಬೊಳ್ಳಮ್ಮಾಂಟಿಯ ಅಂಗಳಕ್ಕೆ ಚಾಚಿತ್ತು. ಮಳೆ ಹಿಡಿಯುವ ಹೊತ್ತಿಗೆ ಬಿಳಿ ಹೂವಿನ ಗೊಂಚಲು ಜಡೆಯ ಹಾಗೆ ಇಳಿಬೀಳುತ್ತಿತ್ತು. ಮರ ಇವರದು, ಹೂವು ಅವರದು ಎಂದು ಎರಡೂ ಮನೆಯವರು ತಮಾಷೆ ಮಾಡುತ್ತಿದ್ದರು.

ಬೊಳ್ಳಮ್ಮಾಂಟಿಗೆ ಸೋಮವಾರಪೇಟೆಯಲ್ಲಿ ಟೈಲರ್ ಅಂಗಡಿ. ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸೋಕೂ ಶರ್ಮಿಳಾ ಬೇಕಾಗಿತ್ತು. ಮಾರ್ಚ್ ಕೊನೆಯಲ್ಲಿ ಆಪರೇಷನ್‌ಗೆ ಅಂತ ಮೈಸೂರಿನ ತಂಗಿಯ ಮನೆಗೆ ಹೊರಟವರು ಬೇಲಿ ಹತ್ತಿರ ನಿಂತು ಹೇಳಿದ್ದರು:

"ಕುಂಞಿ, ನಿಮ್ಮಪ್ಪ ಮರಗಸಿ ಮಾಡಿಸುವಾಗ ಆ ಕೊಂಬೆ ಮಾತ್ರ ಬಿಡಬೇಕು ಅಂತ ಹೇಳು. ಹೋದ ವರ್ಷ ನಂಗೆ ಹೂವು ಕಾಣಲೇ ಇಲ್ಲ. ಬರೀ ಬೆಳ್ಳಗೆ ಏನೋ ತೂಗ್ತಿತ್ತು. ಈ ಸಲ ಹೊಸ ಕಣ್ಣು ಹಾಕಿಸ್ಕೊಂಡು ಬಂದು, ಒಂದೊಂದು ಹೂವಿನ ಚುಕ್ಕೀನೂ ಎಣಿಸ್ತೀನಿ."

ಕುಂಞಿ ಅಂದರೆ ಮಗು. ಬೊಳ್ಳಮ್ಮಾಂಟಿಗೆ ಮಕ್ಕಳೆಲ್ಲರೂ ಕುಂಞಿಗಳೇ.

"ನಾನಿದ್ದೀನಲ್ಲ ಆಂಟಿ!" ಎಂದಿದ್ದಳು ಶರ್ಮಿಳಾ.

ಅದೇ ಹೊತ್ತಿಗೆ ಅಪ್ಪನ ನರ್ಸರಿಗೆ ಮರಳಿನ ಲಾರಿ ಬಂತು. ಮರಳ ಗುಡ್ಡೆ ಹತ್ತುವುದು, ಜಾರುವುದು. ಹತ್ತುವುದು, ಜಾರುವುದು. ಸಂಜೆ ತಲೆಯಲ್ಲಿ ಮರಳಿತ್ತು, ಆಂಟಿಯ ಮಾತಿರಲಿಲ್ಲ. ಮುಂದಿನ ವಾರ ಮರಗಸಿ ಶುರುವಾಯಿತು. ಮಳೆಗಾಲಕ್ಕೆ ಮೊದಲು ತೋಟದ ಮರಗಳ ಕೊಂಬೆ ಸವರುವ ಆ ಕೆಲಸಕ್ಕೆ ದೇರಪ್ಪ ಬಂದರು, ಏಣಿ ಇಟ್ಟರು, ಕತ್ತಿ ಬೀಸಿದರು. ಎಲ್ಲ ಕೊಂಬೆಗಳ ಜೊತೆ ಆ ಕೊಂಬೆಯೂ ಬಿತ್ತು. ಹತ್ತು ದಿನ ಬಿಸಿಲಿನಲ್ಲಿ ಒಣಗಿತು.

ಶರ್ಮಿಳಾ ಗಿಡವನ್ನು ಲಂಗದಲ್ಲಿ ಮುಚ್ಚಿಕೊಂಡು ಸುತ್ತ ನೋಡಿದಳು. ಯಾರೂ ಇಲ್ಲ.

'ಪರವಾಗಿಲ್ಲ, ಇದನ್ನ ಬದುಕಿಸ್ತೀನಿ. ನಂಗೆ ಗೊತ್ತಿಲ್ಲದ ಗಿಡಾನಾ!' ಎಂದುಕೊಂಡಳು.

ಶರ್ಮಿಳಾಗೆ ಗೊತ್ತಿಲ್ಲದ ಗಿಡವೇ ಇರಲಿಲ್ಲ. ಕೊನೇ ಪಕ್ಷ ಅವಳ ಲೆಕ್ಕದಲ್ಲಿ ಇರಲಿಲ್ಲ. ಅಪ್ಪ ನವೀನ್‌ಕುಮಾರ್ ಅವರದು ಕಾಫಿ ಸಸಿಗಳ ನರ್ಸರಿ. ಸಸಿ ಕೊಳ್ಳಲು ಬಂದವರು ಏನಾದರೂ ಕೇಳಿದರೆ ಅಪ್ಪ ಬಾಯಿ ತೆರೆಯುವ ಮೊದಲೇ ಇವಳ ಉತ್ತರ ಸಿದ್ಧ. "ದಿನಾ ನೀರು ಹಾಕಿ ಅಂಕಲ್. ತೂತಿನ ಮೂತಿಯ ರೋಸ್ ಕ್ಯಾನಲ್ಲೇ ಹಾಕಿ." ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಐದನೇ ಕ್ಲಾಸ್ ಮುಗಿಸಿದ ಹುಡುಗಿ ಸಸಿ ನೆಡುವ ಪಾಲಿಬ್ಯಾಗ್‌ಗಳಿಗೆ ಗಂಟೆಗೆ ಐವತ್ತರಂತೆ ಮಣ್ಣು ತುಂಬಿದರೆ ಯಾರು ತಾನೇ ಏನು ಹೇಳಿಯಾರು?

ಹಾಗಾಗಿ ಸೀತಾಳೆಗೂ ಅದೇ ಮರ್ಯಾದೆ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡ ಪಾಲಿಬ್ಯಾಗ್. ಅದಕ್ಕೆ ಕಾಡು ಮಣ್ಣು, ಮರಳು, ಜರಡಿ ಹಿಡಿದ ಗೊಬ್ಬರ. ಬೇರುಗಳನ್ನೆಲ್ಲ ಒಂದೂ ಕಾಣದ ಹಾಗೆ ಮಣ್ಣಿನೊಳಗೆ ತುರುಕಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು. ನೀರಿನ ಟ್ಯಾಂಕಿನ ಹಿಂದೆ ಯಾರಿಗೂ ಕಾಣದಂತೆ ಇಟ್ಟು, ಮೇಲಿಂದ ಒಂದು ಚೊಂಬು ನೀರು ಹುಯ್ದಳು.

"ಕುಡಿ, ಚೆನ್ನಾಗಿ ಕುಡಿ," ಎಂದಳು.

ಬೆಳಿಗ್ಗೆ ಒಂದು ಚೊಂಬು. ಮಧ್ಯಾಹ್ನ ಒಂದು. ಸಂಜೆ ಒಂದು. ನಾಲ್ಕು ದಿನವಾಯಿತು. ಸುಕ್ಕು ಹೋಗಲಿಲ್ಲ. ಇನ್ನೂ ಬಾಯಾರಿಕೆ ಇರಬೇಕು ಎಂದು ಐದು ಚೊಂಬು ಮಾಡಿದಳು. ಸುಕ್ಕು ಇನ್ನೂ ಹೆಚ್ಚಾಯಿತು. ಎಂಟನೇ ದಿನ ಕೆಳಗಿನ ಎಲೆಯೊಂದು ಹಳದಿಯಾಗಿ, ಮುಟ್ಟಿದರೆ ಕೈಗೇ ಬಂತು.

ಅವತ್ತು ಸಂಜೆಯೇ ಅಜ್ಜಿಯ ಫೋನ್ ರಿಂಗಾಯಿತು. ಬೊಳ್ಳಮ್ಮಾಂಟಿ. ಒಂದು ಕಣ್ಣು ಆಗಿದೆಯಂತೆ, ಇನ್ನೊಂದು ಮುಂದಿನ ವಾರವಂತೆ.

"ಕುಂಞಿಗೆ ಕೊಡಿ ಸ್ವಲ್ಪ," ಎಂದರು.

ಶರ್ಮಿಳಾ ಫೋನ್ ಹಿಡಿದಳು.

"ನನ್ನ ಸೀತಾಳೆ ಹೇಗಿದೆಯೇ?"

"ಚೆ... ಚೆನ್ನಾಗಿದೆ ಆಂಟಿ."

"ಮೊಗ್ಗಿನ ಕಡ್ಡಿ ಬಂತಾ?"

"ಇನ್ನೂ ಇಲ್ಲ."

"ಬರ್ತದೆ, ಬರ್ತದೆ. ಇಲ್ಲಿ ಗೋಡೆ ಮೇಲಿನ ಕ್ಯಾಲೆಂಡರಿನ ಸಣ್ಣ ಅಕ್ಷರಾನೂ ಓದ್ತಿದೀನಿ ಗೊತ್ತಾ!"

ಅವರು ಎಷ್ಟು ಖುಷಿಯಾಗಿ ನಕ್ಕರೆಂದರೆ, ಶರ್ಮಿಳಾಗೆ ಫೋನನ್ನು ಕಿವಿಯಲ್ಲಿ ಇಟ್ಟುಕೊಳ್ಳುವುದೇ ಕಷ್ಟವಾಯಿತು.

ಎರಡು ದಿನ ಕಳೆದು ದೇರಪ್ಪ ತಮ್ಮ ಏಣಿ ತೆಗೆದುಕೊಂಡು ಹೋಗಲು ಬಂದರು. ಕೈ ತೊಳೆಯಲು ಟ್ಯಾಂಕಿನ ಹಿಂದೆ ಹೋದವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಎಂತ ಇದು? ಈ ಪಾಪದ ಗಿಡವನ್ನ ಮಣ್ಣು ಮಾಡಿದ್ದು ಯಾರು?"

ಶರ್ಮಿಳಾ ಓಡಿ ಬಂದಳು. "ಮಣ್ಣು ಮಾಡಿಲ್ಲ, ನೆಟ್ಟಿದೀನಿ! ನೀವೇ ಅಲ್ವಾ ಕಡಿದು ಹಾಕಿದ್ದು?"

"ಹೌದು, ನಾನೇ. ಬಿಡಬೇಕು ಅಂತ ಒಂದು ಮಾತು ಹೇಳಿದ್ರೆ ಬಿಡ್ತಿದ್ದೆ. ನಿಮ್ಮಪ್ಪ ಹೇಳ್ಲೇ ಇಲ್ಲ."

ಶರ್ಮಿಳಾ ಬಾಯಿ ತೆರೆದಳು. ಇಲ್ಲಿಗೆ ಬಿಟ್ಟರೆ ತಪ್ಪು ದೇರಪ್ಪನದು, ಇಲ್ಲವೇ ಅಪ್ಪನದು. ಅವಳದಂತೂ ಅಲ್ಲ. ಆದರೆ ಫೋನಿನಲ್ಲಿ ಕೇಳಿದ ಆ ನಗು ಇನ್ನೂ ಕಿವಿಯಲ್ಲೇ ಇತ್ತು.

"ಅಪ್ಪಂಗೆ ಗೊತ್ತೇ ಇರ್ಲಿಲ್ಲ," ಎಂದಳು. "ಆಂಟಿ ನಂಗೆ ಹೇಳಿದ್ರು. ನಾನು ಮರ್ತೆ."

ದೇರಪ್ಪ ಅವಳನ್ನೊಮ್ಮೆ ನೋಡಿದರು. ಬೈಯಲಿಲ್ಲ. ಪಾಲಿಬ್ಯಾಗ್ ಹರಿದು ಗಿಡವನ್ನು ಹೊರಗೆ ತೆಗೆದು, ಬೇರಿನ ಮಣ್ಣು ತೊಳೆದರು. ಒಂದು ಬೇರು ಹಿಡಿದು ಒತ್ತಿದರು. ಅದು ಕೊಳೆತು ಕಂದು ಬಣ್ಣಕ್ಕೆ ತಿರುಗಿತ್ತು. ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯಿತು.

"ನೋಡು. ಇದು ಕುಡಿಯೋ ಬೇರಲ್ಲ, ಸತ್ತ ಬೇರು."

"ಆದ್ರೆ ದಿನಾ ಐದು ಚೊಂಬು ನೀರು ಹಾಕಿದ್ದೆ!"

"ಅದಕ್ಕೇ ಸತ್ತದ್ದು. ಬಾಯೇ ಕೊಳೆತ ಮೇಲೆ ಎಷ್ಟು ಹುಯ್ದರೆ ಏನು? ಎಲೆಗೆ ಒಂದು ಹನಿ ಹೋಗಿಲ್ಲ. ಮೊದಲು ಬಿಸಿಲಿಗೆ ಒಣಗ್ತು, ಆಮೇಲೆ ನೀರಲ್ಲಿ ಒಣಗ್ತು."

ನೀರಲ್ಲಿ ಒಣಗುವುದು! ಶರ್ಮಿಳಾ ಇಂಥದ್ದನ್ನು ಕೇಳಿಯೇ ಇರಲಿಲ್ಲ.

"ಮರದ ಮೇಲೆ ಇದಕ್ಕೆ ಮಣ್ಣು ಯಾರು ಕೊಟ್ಟಿದ್ರು ಮಗಾ? ನಲವತ್ತು ವರ್ಷ ಆಯ್ತು ನಾನು ಮರ ಹತ್ತಲಿಕ್ಕೆ ಶುರು ಮಾಡಿ. ಇದರ ಬೇರು ಗಾಳಿಯಲ್ಲಿರ್ತದೆ. ಮಳೆ ಬಂದ್ರೆ ನೆನೀತದೆ, ಗಾಳಿ ಬೀಸಿದ್ರೆ ಒಣಗ್ತದೆ. ಎರಡೂ ಬೇಕು ಇದಕ್ಕೆ."

ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ, ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿದರು. ಶರ್ಮಿಳಾ ಎಣಿಸಿದಳು. ಹನ್ನೊಂದು ಬೇರು ಹೋಯಿತು. ಮೂರು ಉಳಿಯಿತು. ಅವು ಗಾಳಿಗೆ ಆರಿ ಬೆಳ್ಳಗಾಗುವವರೆಗೆ ಕಾದರು.

"ಈಗ ಇದರ ಮೇಲೆ ನೀರು ಚಿಮುಕಿಸು," ಎಂದರು ದೇರಪ್ಪ.

ಅವಳು ಬೆರಳು ಅದ್ದಿ ಚಿಮುಕಿಸಿದಳು. ಮೂರೂ ಬೇರು ನೋಡನೋಡುತ್ತಲೇ ಬಿಳಿಯಿಂದ ಹಸಿರಾದವು.

"ಅರೆ!"

"ಹಸಿರಿದ್ರೆ ಕುಡಿದಾಯ್ತು ಅಂತ. ಬೆಳ್ಳಗಾದ್ರೆ ಬೇಕು ಅಂತ. ಅದಕ್ಕೆ ಇನ್ನೆಂಥ ಮಾತು ಬರಬೇಕು?"

ಗಾಯ ಆರಲಿ ಎಂದು ಅವತ್ತು ಮತ್ತೊಂದು ಹನಿ ನೀರೂ ಇಲ್ಲ. ಮರುದಿನದಿಂದ ಶುರುವಾಯಿತು ಉಪಚಾರ. ಬೆಳಿಗ್ಗೆ ಬಕೆಟ್ಟಿನ ನೀರಿನಲ್ಲಿ ಬೇರು ಮಾತ್ರ ಮುಳುಗುವಂತೆ ಅರ್ಧ ಗಂಟೆ ಹಿಡಿಯುವುದು. ಆಮೇಲೆ ಪೂರ್ತಿ ಒಣಗಲು ಬಿಡುವುದು. ಒಂದು ವಾರವಾದ ಮೇಲೆ ಹಲಸಿನ ತುಂಡೊಂದಕ್ಕೆ ತೆಂಗಿನ ನಾರು ಹಾಸಿ, ಬಾಳೆ ನಾರಿನಿಂದ ಗಿಡವನ್ನು ಕಟ್ಟಿದಳು. ನರ್ಸರಿಯ ಚಪ್ಪರದ ಕೆಳಗೆ, ನೆರಳೂ ಗಾಳಿಯೂ ಇರುವ ಕಡೆ ತೂಗುಹಾಕಿದಳು. ಅಪ್ಪನಿಗೂ ಎಲ್ಲ ಹೇಳಿದಳು. ಅಪ್ಪ ಗಿಡವನ್ನೊಮ್ಮೆ ಮುಟ್ಟಿ ನೋಡಿದರು. "ಬೊಳ್ಳಮ್ಮ ಬಂದಾಗ ನೀನೇ ಹೇಳು," ಎಂದರು ಅಷ್ಟೇ.

ಈ ಕೆಲಸದಲ್ಲಿ ನೀರು ಹಾಕುವುದು ಸುಲಭ, ಹಾಕದೆ ಇರುವುದೇ ಕಷ್ಟ. ಬೇರು ಹಸಿರಿರುವ ದಿನ ಶರ್ಮಿಳಾಳ ಕೈ ತುರಿಸುತ್ತಿತ್ತು. ಮಗ್ ಹಿಡಿದು ಬರುವಳು, ಇಣುಕುವಳು, ಆ ನೀರನ್ನು ಕಾಫಿ ಸಸಿಗೆ ಹಾಕಿ ಹಿಂದಿರುಗುವಳು.

"ಏನೇ ಇದು, ಮಗೂಗೆ ಜ್ವರ ಬಂದಂಗೆ ದಿನಕ್ಕೆ ಹತ್ತು ಸಲ ನೋಡ್ತೀಯ," ಎಂದು ಅಜ್ಜಿ ರೇಗಿಸಿದರು.

ಮೇ ತಿಂಗಳು ಹೀಗೆಯೇ ಕಳೆಯಿತು. ಇನ್ನೆರಡು ಎಲೆ ಉದುರಿ, ನಾಲ್ಕು ಉಳಿದವು. ಆ ನಾಲ್ಕರ ಸುಕ್ಕು ಮೆಲ್ಲಗೆ ಬಿಡಿಸಿಕೊಂಡಿತು. ಆದರೆ ಮೊಗ್ಗಿಲ್ಲ, ಹೊಸದೇನೂ ಇಲ್ಲ. ತೋಟದ ಬೇರೆ ಮರಗಳಲ್ಲಿ ಸೀತಾಳೆ ಹೂ ಬಿಡಲು ಶುರುವಾಗಿತ್ತು. ಅದನ್ನು ಕಂಡಾಗಲೆಲ್ಲ ಶರ್ಮಿಳಾಗೆ ಅಳು ಬರುತ್ತಿತ್ತು.

ಸ್ಕೂಲ್ ಶುರುವಾಗುವ ಹಿಂದಿನ ದಿನ ಪಕ್ಕದ ಮನೆಯ ಗೇಟಿನ ಬಳಿ ಆಟೋ ನಿಂತಿತು. ಕಪ್ಪು ಕನ್ನಡಕ ಹಾಕಿಕೊಂಡ ಬೊಳ್ಳಮ್ಮಾಂಟಿ ಇಳಿದರು. ಇಳಿದವರೇ ಕನ್ನಡಕ ತೆಗೆದು ಶರ್ಮಿಳಾಳ ಗಲ್ಲ ಹಿಡಿದರು.

"ಇದೇನೇ, ನಿನ್ನ ಮೂಗಿನ ಮೇಲೊಂದು ಮಚ್ಚೆ! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?"

ಆಮೇಲೆ ತಲೆಯೆತ್ತಿ ಹಲಸಿನ ಮರ ನೋಡಿದರು. ಕೊಂಬೆ ಇದ್ದ ಜಾಗದಲ್ಲಿ ಬರೀ ಆಕಾಶವಿತ್ತು.

ಅವರ ನಗು ನಿಂತಿತು.

ಶರ್ಮಿಳಾ ಒಂದೇ ಉಸಿರಿಗೆ ಹೇಳಿದಳು. "ಆಂಟಿ, ನೀವು ಹೇಳಿದ್ದು ಅಪ್ಪಂಗೆ ಹೇಳ್ಲಿಲ್ಲ, ಮರ್ತೆ. ಕೊಂಬೆ ಕಡಿದ್ರು. ಸೌದೆ ರಾಶೀಲಿ ಒಣಗಿತ್ತು. ನಾನು ಪಾಲಿಬ್ಯಾಗಲ್ಲಿ ನೆಟ್ಟು ಇನ್ನೂ ಹಾಳು ಮಾಡ್ದೆ. ಫೋನಲ್ಲಿ ಚೆನ್ನಾಗಿದೆ ಅಂದಿದ್ದು ಸುಳ್ಳು. ಬದುಕಿದೆ. ಆದ್ರೆ ಹೂವಿಲ್ಲ."

ಶರ್ಮಿಳಾ ಓಡಿಹೋಗಿ ಚಪ್ಪರದಿಂದ ಹಲಸಿನ ತುಂಡನ್ನು ತಂದು, ಎರಡೂ ಕೈಯಲ್ಲಿ ಮುಂದೆ ಹಿಡಿದಳು.

ನಾಲ್ಕು ಎಲೆ. ಮೂರು ಬೇರು.

ಆಂಟಿ ಅದನ್ನು ತೆಗೆದುಕೊಂಡು ತಮ್ಮ ಜಗಲಿಯ ಮೇಲೆ ಕೂತರು. "ಈ ವರ್ಷ ನೋಡ್ಬೇಕು ಅಂತ ತುಂಬಾ ಆಸೆ ಇತ್ತು ಕುಂಞಿ," ಎಂದರು. ದನಿ ಸಣ್ಣಗಿತ್ತು. ಶರ್ಮಿಳಾ ತಲೆ ತಗ್ಗಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಂಟಿ ತುಂಡನ್ನು ತಿರುಗಿಸಿದರು. ಎಲೆಗಳನ್ನು ಒಂದೊಂದಾಗಿ ಸರಿಸಿದರು. ಹೊಲಿಗೆ ನೋಡುವವರ ಹಾಗೆ ಮುಖದ ಹತ್ತಿರ ತಂದುಕೊಂಡರು.

"ಇದೆಂಥದು?"

"ಎಲ್ಲಿ?"

"ಇಲ್ಲಿ, ಎಲೆಯ ಬುಡದಲ್ಲಿ. ಸೂಜಿ ಮೊನೆಯಷ್ಟು ಹಸಿರು."

ಶರ್ಮಿಳಾ ಬಗ್ಗಿದಳು. ಎಲೆಯ ಹಿಂಬದಿಯಲ್ಲಿ, ಅವಳು ದಿನಕ್ಕೆ ಹತ್ತು ಸಲ ನೋಡಿದರೂ ಕಾಣದ ಜಾಗದಲ್ಲಿ, ಒಂದು ಹೊಸ ಬೇರು ಆಗಷ್ಟೇ ಮೂತಿ ಹೊರಗೆ ಹಾಕಿತ್ತು.

"ಹೊಸ ಬೇರು ಆಂಟಿ! ನಾಲ್ಕನೇದು!" ಅವಳು ಕುಣಿದೇಬಿಟ್ಟಳು. "ನಂಗೆ ಕಂಡೇ ಇರ್ಲಿಲ್ಲ!"

"ನಂಗೆ ಕಂಡಿತು ನೋಡು," ಎಂದರು ಆಂಟಿ. ಮತ್ತೆ ಮತ್ತೆ ನೋಡಿದರು. ಈಗ ಅವರ ಮುಖದಲ್ಲಿ ನಗು ಮರಳಿತ್ತು. "ಮೊಗ್ಗಿಗಿಂತ ಮೊದಲು ಬೇರು. ಆಗಲಿ. ಮುಂದಿನ ವರ್ಷಕ್ಕೆ ಈ ಕಣ್ಣು ಎಲ್ಲಿಗೂ ಓಡಿಹೋಗಲ್ಲ. ಇದು ನಮ್ಮ ಜಗಲಿ ಮುಂದೆ ಇರಲಿ. ನಾಳೆ ಬೆಳಿಗ್ಗೆ ಬಂದು ನೀರು ಹಾಕ್ತೀಯಾ?"

ನಾನಿದ್ದೀನಲ್ಲ ಎಂಬ ಮಾತು ಶರ್ಮಿಳಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಹೇಳಲಿಲ್ಲ. ಬಗ್ಗಿ ಬೇರುಗಳನ್ನು ನೋಡಿದಳು. ಬೆಳಗಿನ ತುಂತುರಿಗೆ ನೆನೆದು ಮೂರೂ ಹಸಿರಾಗಿದ್ದವು.

"ಬರ್ತೀನಿ ಆಂಟಿ," ಎಂದಳು. "ನೀರು ಹಾಕೋದು ಮಾತ್ರ ಬೇರು ನೋಡಿದ ಮೇಲೆ."