ಬೆಟ್ಟದ ಕಡೆಯ ಸೀಟು

ಫ್ರೆಸಿಯಾ ವಿಮಾನದ ಕಿಟಕಿಗೆ ಮೂಗು ಒತ್ತಿ ಮೂರನೇ ಸಲ ನೋಡಿದಳು. ಬೆಟ್ಟ ಇರಲಿಲ್ಲ. ಸಮುದ್ರ ಇತ್ತು. ಬೇಕಾದಷ್ಟು ಸಮುದ್ರ.

"ವಿಯ್ಯಾರಿಕಾ ಬಂದ ತಕ್ಷಣ ಎಬ್ಬಿಸು, ಮರೀಬೇಡ," ಪಕ್ಕದಲ್ಲಿದ್ದ ಅಮ್ಮ ಕಣ್ಣು ಮುಚ್ಚಿಕೊಂಡೇ ಅಂದಳು. ಮರುಕ್ಷಣವೇ ನಿದ್ದೆ ಹೋದಳು.

ಅಮ್ಮ ನೊಯೆಮಿಗೆ ಸಾಂಟಿಯಾಗೋದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ರಾತ್ರಿಪಾಳಿ ಮುಗಿಸಿ ಸೀದಾ ವಿಮಾನ ಹತ್ತಿದ್ದಳು. ದಕ್ಷಿಣದ ಊರಲ್ಲಿ ದೊಡ್ಡಮ್ಮ ಕಾಲು ಮುರಿದುಕೊಂಡು ಮಲಗಿದ್ದಾಳೆ. ಅಲ್ಲಿಗೆ ಹೋದರೂ ಅಮ್ಮನಿಗೆ ದುಡಿಮೆ ತಪ್ಪಿದ್ದಲ್ಲ.

ದಾರಿಯಲ್ಲಿ ಸಿಗುವ ಒಂದೇ ಖುಷಿ ಅಂದರೆ ವಿಯ್ಯಾರಿಕಾ, ಹೊಗೆಯುಗುಳುವ ಜ್ವಾಲಾಮುಖಿ. ಅಮ್ಮ ಹುಟ್ಟಿ ಬೆಳೆದದ್ದು ಅದರ ಬುಡದಲ್ಲೇ. ಈಗ ಅಲ್ಲಿ ಮನೆಯಿಲ್ಲ, ನಂಟರಿಲ್ಲ, ಹೋಗಲು ನೆಪವೂ ಇಲ್ಲ. ಅದನ್ನು ನೋಡಿ ಹದಿನಾರು ವರ್ಷವಾಯಿತು. ಟಿಕೆಟ್ ಮಾಡುವಾಗ "ಬೆಟ್ಟದ ಕಡೆ ಸೀಟು ಹಾಕು ಪುಟ್ಟಿ," ಅಂತ ಫೋನನ್ನು ಫ್ರೆಸಿಯಾ ಕೈಗೇ ಕೊಟ್ಟಿದ್ದಳು.

ಫ್ರೆಸಿಯಾ ಹಿಂದೆಮುಂದೆ ನೋಡದೆ ಬಲಗಡೆ ಒತ್ತಿದ್ದಳು. ಬೆಟ್ಟ ಇರುವುದು ಬಲಗಡೆ ತಾನೆ? ಅವರ ದೇಶದಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಬಿಸಿಲು ಬರಲೆಂದು ಅವರ ಮನೆಯ ಬಾಗಿಲೂ ಉತ್ತರಕ್ಕಿದೆ. ಹೊಸ್ತಿಲಲ್ಲಿ ನಿಂತರೆ ಬೆಟ್ಟಸಾಲು ಬಲಗೈ ಕಡೆ. ಶಾಲೆಯ ಬಾಗಿಲಲ್ಲಿ ನಿಂತರೂ ಬಲಗೈ ಕಡೆಯೇ. ಹತ್ತು ವರ್ಷದಲ್ಲಿ ಅದು ಒಂದು ದಿನವೂ ಜಾಗ ಬದಲಿಸಿರಲಿಲ್ಲ.

ಆದರೆ ಈ ವಿಮಾನ ದಕ್ಷಿಣಕ್ಕೆ ಹೊರಟಿತ್ತು!

"ಅಗೋ, ಹೊಗೆ ನೋಡ್ರೀ!" ಎಡಗಡೆಯ ಸಾಲಿನಲ್ಲಿ ಯಾರೋ ಕೂಗಿದರು. ಫ್ರೆಸಿಯಾಗೆ ಅಳುವೇ ಬಂತು. ಮೋಡ ಇತ್ತು, ಏನೂ ಕಾಣಲಿಲ್ಲ ಅಂದುಬಿಟ್ಟರೆ? ಅಮ್ಮ ನಂಬುತ್ತಾಳೆ. ನಂಬುತ್ತಾಳೆ ಅನ್ನುವುದೇ ಅವಳಿಗೆ ಕಷ್ಟವಾಯಿತು.

"ಅಮ್ಮಾ, ಏಳು. ನಾನು ತಪ್ಪು ಕಡೆ ಸೀಟ್ ಹಾಕಿದೀನಿ. ವಿಯ್ಯಾರಿಕಾ ಆ ಕಡೆ ಇದೆ."

ಅಮ್ಮ ಸಮುದ್ರವನ್ನು ನೋಡಿದಳು, ಮಗಳನ್ನು ನೋಡಿದಳು. "ಥೂ, ಹೌದಲ್ವೇ! ನಾನಾಗಿದ್ರೂ ಬಲಗಡೆನೇ ಒತ್ತಿರ್ತಿದ್ದೆ," ಅಂದಳು.

ಆಚೆ ಕಿಟಕಿಯ ಅಜ್ಜ ಎದ್ದು ನಿಂತರು. "ಬನ್ನಿ ಬನ್ನಿ, ನನ್ನ ಜಾಗಕ್ಕೆ ಬನ್ನಿ. ನಂದು ನೋಡಿ ಆಯ್ತು."

ಅಮ್ಮ ಮುಂದಿನ ಸೀಟು ಹಿಡಿದು ಅರ್ಧ ಎದ್ದಳು. ಹಾಗೆಯೇ ಕುಸಿದು ಕುಳಿತಳು. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತುಹೋಗಿತ್ತು.

"ಕಾಲು ಏಳ್ತಾನೇ ಇಲ್ಲ ಕಣೇ. ನೀನೇ ಓಡು. ನೋಡಿ ಹೇಳು."

ಫ್ರೆಸಿಯಾ ಓಡಿದಳು. "ಅಮ್ಮಾ, ಪೂರ್ತಿ ಬೆಳ್ಳಗಿದೆ! ತುದೀಲಿ ಸಣ್ಣಗೆ ಹೊಗೆ!"

"ಹೊಗೆ ಯಾವ ಕಡೆ ಬಾಗಿದೆ?"

"ನಮ್ಮ ಕಡೆಗೇ ಬರ್ತಿದೆ!"

"ಹಾಗಾದ್ರೆ ಅದು ಬೆಟ್ಟದ ಗಾಳಿ. ಇವತ್ತು ಮಳೆ ಇಲ್ಲ," ಅಮ್ಮನ ಕಣ್ಣು ಮುಚ್ಚಿತ್ತು. "ಅಂಥ ದಿನ ನಮ್ಮಮ್ಮ ಹಾಸಿಗೆ ಎಲ್ಲಾ ಅಂಗಳಕ್ಕೆ ಎಳೀತಿದ್ಲು. ನಾನು ಅದರ ಮೇಲೇ ಬಿದ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಅಮ್ಮನ ತಲೆ ಪಕ್ಕಕ್ಕೆ ವಾಲಿತು.

ಫ್ರೆಸಿಯಾ ಸದ್ದು ಮಾಡದೆ ತನ್ನ ಜಾಗಕ್ಕೆ ನುಸುಳಿದಳು. ಬಗ್ಗಿ ಅಮ್ಮನ ಚಪ್ಪಲಿ ಕಳಚಿದಳು. ದೊಡ್ಡಮ್ಮನ ಮನೆಯ ಪಾತ್ರೆ ತಾನು ತೊಳೆಯಬಹುದು, ಬಟ್ಟೆ ಒಗೆಯಲೂ ಬರುತ್ತದೆ ಅಂದುಕೊಂಡಳು. ಕಿಟಕಿಯಾಚೆ ಸಮುದ್ರ ಫಳಫಳ ಹೊಳೆಯುತ್ತಿತ್ತು, ಆ ಬೆಳಕು ಅಮ್ಮನ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಕಿಟಕಿಯ ಮುಚ್ಚಳವನ್ನು ಮೆಲ್ಲಗೆ ಪೂರ್ತಿ ಕೆಳಗೆಳೆದಳು.