ಸೂರ್ಯನ ಹೊಟ್ಟೆಯಲ್ಲಿ ಅಲುಗದ ಚುಕ್ಕೆ

ಬಹಳ ಹಿಂದೆ, ಕೋಳಿಗಳಿನ್ನೂ ಕೂಗಲು ಕಲಿಯದೆ ಸೂರ್ಯನೇ ಬಂದು ಅವುಗಳ ಪುಕ್ಕ ಜಗ್ಗಿ ಎಬ್ಬಿಸುತ್ತಿದ್ದ ಕಾಲದಲ್ಲಿ, ಹಗಲೂರು ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಗೆ ಸಾವಿರ ಕಂಬ. ನಾನೇ ಎಣಿಸಿದ್ದೇನೆ. ನಂಬದವರು ಹೋಗಿ ಎಣಿಸಿ ಬನ್ನಿ, ಅಲ್ಲಿಯವರೆಗೆ ನಾನು ಹೇಳಿದ್ದೇ ಲೆಕ್ಕ.

ಆ ಅರಮನೆಯ ರಾಜಕುಮಾರನ ಹೆಸರು ಗೊಗ್ಗಿದೇವ. ಕತ್ತಿ ಹಿಡಿದರೆ ತನ್ನ ಕಾಲಿಗೇ ಏಟು, ಕುದುರೆಗೆ ಈ ಕಡೆಯಿಂದ ಹತ್ತಿದರೆ ಆ ಕಡೆಯಿಂದ ಕೆಳಗೆ. ಅವನಿಗಿದ್ದದ್ದು ಒಂದೇ ಹುಚ್ಚು: ಸೂರ್ಯನನ್ನು ನೋಡುವುದು. ಮಾಳಿಗೆಯ ಮೇಲೆ ಒಂದು ಹಿತ್ತಾಳೆ ಕೊಳವೆ ನಿಲ್ಲಿಸಿದ್ದ. ಅದರ ಎರಡು ತುದಿಗೂ ಗಾಜು. ಮೇಲಿನ ಗಾಜು ಸೂರ್ಯನ ಕಡೆ, ಕೆಳಗಿನ ಗಾಜು ಒಂದು ಬಿಳಿ ಬಟ್ಟೆಯ ಕಡೆ. ಸೂರ್ಯ ಕೊಳವೆಯೊಳಗೆ ಇಳಿದು ಬಟ್ಟೆಯ ಮೇಲೆ ತಟ್ಟೆಯಷ್ಟಗಲ ಬಂದು ಕೂರುತ್ತಿದ್ದ.

ಆದರೆ ಕೊಳವೆಗೆ ಕಣ್ಣಿಡುವ ಹಾಗಿರಲಿಲ್ಲ. ಗೊಗ್ಗಿಯ ತಾತ ಒಮ್ಮೆ ಇಟ್ಟಿದ್ದ. ಆಮೇಲೆ ಸಾಯುವ ತನಕ ಊಟದ ಎಲೆ ಯಾವುದು, ಕಂಬಳಿ ಯಾವುದು ಎಂದು ತಡವುತ್ತಲೇ ಇದ್ದ. ಅಂದಿನಿಂದ ಆ ಮನೆತನಕ್ಕೆ ಒಂದು ಕಟ್ಟಳೆ: "ಸೂರ್ಯನನ್ನು ನೋಡಬೇಕೆ? ಸೂರ್ಯನಿಗೆ ಬೆನ್ನು ಕೊಡು."

ಬಟ್ಟೆಗೆ ಬೆಳ್ಳಿಯ ಲೇಪ ಬಳಿದಿಟ್ಟರೆ ಬಿಸಿಲು ಬಿದ್ದಲ್ಲೆಲ್ಲ ಕಪ್ಪಾಗುತ್ತಿತ್ತು. ಸೂರ್ಯ ಕರ್ರಗೆ ಮೂಡಿ, ಸೂರ್ಯನ ಮೈಮೇಲಿನ ಕರಿಕಲೆಗಳು ಬೆಳ್ಳಗೆ ಉಳಿಯುತ್ತಿದ್ದವು. ಇದಕ್ಕೆ ಗೊಗ್ಗಿ 'ಬಿಸಿಲಚ್ಚು' ಎಂದು ಹೆಸರಿಟ್ಟಿದ್ದ. ಊರವರು 'ಸೀದ ದೋಸೆ' ಎನ್ನುತ್ತಿದ್ದರು. ಅಚ್ಚು ಮೂಡುವ ಹೊತ್ತಿಗೆ ಸರಿಯಾಗಿ ತಂಗಿ ಚಾಗಲೆ ಮೆಟ್ಟಿಲು ಹತ್ತಿ ಬಂದು, ಬೆಳಕಿಗೆ ಅಡ್ಡ ಕೈಯೊಡ್ಡಿ, ಬೆರಳು ಮಡಚಿ, ಬಟ್ಟೆಯ ಸೂರ್ಯನ ಮೇಲೆ ನೆರಳಿನ ನಾಯಿ ಮಾಡುತ್ತಿದ್ದಳು.

"ಗೊಗ್ಗಣ್ಣ, ನೋಡೋ! ನಿನ್ನ ಸೂರ್ಯನನ್ನ ನಾಯಿ ನೆಕ್ತಾ ಇದೆ!"

"ಹಾಳು ಮಾಡಿದೆಯಲ್ಲೇ ಅಚ್ಚನ್ನ! ಹೋಗೇ ಆಚೆ, ಪಿಶಾಚಿ!"

ದಿನವೂ ಇದೇ ಜಗಳ, ದಿನವೂ ಒಂದು ಅಚ್ಚು ಕಸಕ್ಕೆ.

ಹೀಗಿರಲು ಒಂದು ದಿನ ಕರಿಕೊಡೆ ಹಿಡಿದ ಒಬ್ಬ ತಿರುಗುವ್ಯಾಪಾರಿ ಬಂದ. ಕೊಡೆ ಎಷ್ಟು ತಗ್ಗಿತ್ತೆಂದರೆ ಮುಖವೇ ಕಾಣಲಿಲ್ಲ. ಅವನ ಹತ್ತಿರ ಒಂದು ಹೊಸ ಗಾಜಿತ್ತು, ಹಿತ್ತಾಳೆ ಬಳೆಯೊಳಗೆ ಕೂರಿಸಿ ಅರಗಿನಿಂದ ಮುಚ್ಚಿದ್ದು. "ಕೊಳವೆಯ ಕೆಳತುದಿಗೆ ಹಾಕಿಕೊಳ್ಳಿ, ಸೂರ್ಯ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಾನೆ. ಆದರೆ ಅರಗು ಬಿಚ್ಚಬೇಡಿ, ಸೂರ್ಯ ಮುನಿಯುತ್ತಾನೆ," ಎಂದು ಸುಮ್ಮನೆ ಕೊಟ್ಟುಹೋದ. ಸುಮ್ಮನೆ ಕೊಡುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ಗೊಗ್ಗಿ ಕಂಡ, ಆದರೂ ಅನುಮಾನಪಡಲಿಲ್ಲ.

ಹೊಸ ಗಾಜಿನಲ್ಲಿ ಸೂರ್ಯನ ಕಲೆಗಳು ಸೊಗಸಾಗಿ ಕಂಡವು. ಅವೆಲ್ಲ ದಿನದಿಂದ ದಿನಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವೆ ಸಾಲಿನಂತೆ ನಡೆದು ಮರೆಯಾಗುತ್ತಿದ್ದವು. ಒಂದು ಮಾತ್ರ ಅಲುಗಲಿಲ್ಲ. ನಟ್ಟನಡುವಿಗಿಂತ ತುಸು ಕೆಳಗೆ, ದನದ ಮೈಗಂಟಿ ರಕ್ತ ಹೀರುವ ಉಣ್ಣೆಹುಳದ ಹಾಗೆ ದುಂಡಗೆ ಕೂತಿತ್ತು. ಗೊಗ್ಗಿ ಗಾಜಿನ ಹೊರಮೈಯನ್ನು ತಿಕ್ಕಿ ತಿಕ್ಕಿ ಒರೆಸಿದ. ಹೋಗಲಿಲ್ಲ. ಹಾಗಾದರೆ ಅದು ಸೂರ್ಯನದೇ ಎಂದು ತೀರ್ಮಾನಿಸಿ, ರಾಜನ ಓಲಗಕ್ಕೆ ಓಡಿಹೋಗಿ ಎಲ್ಲರೆದುರು ಕೂಗಿದ: "ಅಪ್ಪಾಜಿ! ಸೂರ್ಯನ ಹೊಟ್ಟೆಯಲ್ಲಿ ಅಲುಗದ ಚುಕ್ಕೆ ಇದೆ!"

ಮಾರನೆಯ ಮಧ್ಯಾಹ್ನ ಕರಿಕೊಡೆ ಮತ್ತೆ ಬಂತು. ಈ ಸಲ ಕೊಡೆಯ ಕೆಳಗೆ ಮುಖವಿತ್ತು. ಅದರಲ್ಲಿ ಕಣ್ಣಿನ ಜಾಗದಲ್ಲಿ ಎರಡು ಸುಟ್ಟ ತೂತುಗಳಿದ್ದವು.

"ನಾನು ನೆರಳುಬಾಕ," ಎಂದ ಆ ಮಾಂತ್ರಿಕ. "ಇನ್ನು ಮೇಲೆ ಈ ಊರಿನ ನೆರಳೆಲ್ಲ ನನ್ನ ಊಟ."

ಕಾವಲಿನವರು ಬಾಣ ಬಿಟ್ಟರು. ಬಾಣಗಳು ಹೊಗೆಯನ್ನು ಹೊಕ್ಕಂತೆ ಹೊಕ್ಕು ಆಚೆ ಬಿದ್ದವು. ನೆರಳುಬಾಕ ನಕ್ಕ. "ನನ್ನ ಪ್ರಾಣ ಈ ಮೈಯಲ್ಲಿಲ್ಲ. ನಿಮ್ಮ ರಾಜಕುಮಾರ ಕಂಡನಲ್ಲ, ಆ ಚುಕ್ಕೆಯಲ್ಲಿದೆ. ಸೂರ್ಯನ ತನಕ ಏಣಿ ಇದ್ದರೆ ಹತ್ತಿ."

ಬಿಲ್ಲುಗಳು ತಾವಾಗಿ ಕೆಳಗಿಳಿದವು. ಎಲ್ಲರೂ ಗೊಗ್ಗಿಯ ಕಡೆ ತಿರುಗಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಹಗಲೂರಿನವರು ಹಗಲಿಗೆ ಹೆದರಿದರು. ಬಿಸಿಲಿಗೆ ಬಂದವರ ಕಾಲಬುಡಕ್ಕೆ ನೆರಳುಬಾಕ ಬಾಗುತ್ತಿದ್ದ, ನೆರಳಿನ ತುದಿ ಹಿಡಿದು ಚಾಪೆಯಂತೆ ಸುತ್ತುತ್ತಿದ್ದ, ಕೊಡೆಯ ಮಡಿಕೆಯೊಳಗೆ ತುರುಕುತ್ತಿದ್ದ. ನೆರಳು ಹೋದವರ ಮೈ ಮೊದಲು ತಣ್ಣಗಾಗುತ್ತಿತ್ತು. ಆಮೇಲೆ ಅವರ ಹೆಜ್ಜೆಗೆ ಸದ್ದಿರುತ್ತಿರಲಿಲ್ಲ. ಆಮೇಲೆ ಬಿಸಿಲು ಅವರ ಮೂಲಕವೇ ಹಾದುಹೋಗುತ್ತಿತ್ತು. "ಬರುವ ಗ್ರಹಣದಲ್ಲಿ ಸೂರ್ಯ ಪೂರ್ತಿ ಮುಳುಗಿದ ಗಳಿಗೆ, ನೆರಳಿಲ್ಲದವರು ಇಲ್ಲವಾಗುತ್ತಾರೆ," ಎಂದು ಮಾಂತ್ರಿಕ ಬೀದಿಬೀದಿಯಲ್ಲಿ ಸಾರಿದ.

ಒಂದು ಬೆಳಿಗ್ಗೆ ಚಾಗಲೆ ಮಾಳಿಗೆಗೆ ಬಂದಳು. ಮೆಟ್ಟಿಲು ಸದ್ದು ಮಾಡಲಿಲ್ಲ. ಬೆಳಕಿಗೆ ಅಡ್ಡ ಕೈಯೊಡ್ಡಿ ಬೆರಳು ಮಡಚಿದಳು. ಬಟ್ಟೆಯ ಮೇಲೆ ಸೂರ್ಯ ಹಾಗೇ ಹೊಳೆಯುತ್ತಿದ್ದ. ನಾಯಿ ಬರಲಿಲ್ಲ.

"ಗೊಗ್ಗಣ್ಣ," ಎಂದಳು ಮೆಲ್ಲಗೆ, "ಇವತ್ತು ನಿನ್ನ ಅಚ್ಚು ಚೆನ್ನಾಗಿ ಬರುತ್ತೆ."

ಅವಳ ಅಂಗೈಯ ಮೂಲಕ ಗೊಗ್ಗಿಗೆ ಆಚೆಯ ಗೋಡೆ ಕಾಣಿಸುತ್ತಿತ್ತು.

ಗೊಗ್ಗಿ ಕೊಳವೆಯನ್ನು ಹೆಗಲಿಗೇರಿಸಿದ, ಬಟ್ಟೆಯನ್ನು ಸೊಂಟಕ್ಕೆ ಸುತ್ತಿದ. ಮಧ್ಯಾಹ್ನ ಸೂರ್ಯ ದಣಿವಾರಿಸಿಕೊಳ್ಳಲು ಕೂರುವ ಉರಿಬೆಟ್ಟಕ್ಕೆ ಹೊರಟ. ಅಲ್ಲಿ ಸೂರ್ಯನ ಕಾಲು ಹಿಡಿದು, ಆ ಚುಕ್ಕೆಯನ್ನು ಕೊಡವಿಕೊಳ್ಳಪ್ಪ ಎಂದು ಬೇಡುವುದು ಅವನ ಯೋಚನೆ. ಗ್ರಹಣ ಅದೇ ದಿನವೆಂದು ಜೋಯಿಸರು ಹೇಳಿದ್ದರು. ಊರಿನವರು ಆಗಲೇ ಉಪ್ಪಿನಕಾಯಿ ಜಾಡಿಗಳಿಗೂ ದರ್ಭೆ ಹಾಕಿ ಬಾಗಿಲು ಮುಚ್ಚಿಕೊಂಡಿದ್ದರು.

ಬೆಟ್ಟದ ಬುಡದಲ್ಲಿ ಎತ್ತಿನ ಗಾತ್ರದ ಗೂಬೆಯೊಂದು ದಾರಿಗಡ್ಡ ಕೂತಿತ್ತು.

"ಅಪ್ಪಾ, ನನಗೆ ಹಗಲು ಕಾಣಿಸದು. ಹುಟ್ಟಿದಾಗಿನಿಂದ ಸೂರ್ಯನನ್ನು ನೋಡಿಲ್ಲ. ಕೊಳವೆಗೆ ಕಣ್ಣಿಟ್ಟು ನೋಡಿ, ಹೇಗಿದ್ದಾನೆಂದು ಹೇಳು. ಹೇಳಿದರೆ ದಾರಿ ಬಿಡುತ್ತೇನೆ," ಎಂದು ಅತ್ತಿತು.

ಗೊಗ್ಗಿಯ ಕಣ್ಣೂ ತುಂಬಿತು. ಆದರೆ ಅವನು ಸೂರ್ಯನಿಗೆ ಬೆನ್ನು ಕೊಟ್ಟು, ಬಟ್ಟೆ ಹರಡಿ, ಸೂರ್ಯನನ್ನು ಅದರ ಮೇಲೆ ಇಳಿಸಿದ. "ನೋಡಜ್ಜಿ, ಹೀಗಿದ್ದಾನೆ." ಬಟ್ಟೆಯ ಬೆಳಕು ತಾಗಿದ್ದೇ ಗೂಬೆ ಕಿರುಚಿ, ಒಲೆಯ ಮಸಿಯಾಗಿ ಉದುರಿಹೋಯಿತು.

ನಡುಬೆಟ್ಟದಲ್ಲಿ ಹುಲಿ. ಅದಕ್ಕೆ ಪಟ್ಟೆಗಳಿರಲಿಲ್ಲ, ಪಟ್ಟೆಯ ಜಾಗದಲ್ಲಿ ಬಾಯಿಗಳಿದ್ದವು. ಎಲ್ಲ ಬಾಯಿಗಳೂ ಒಟ್ಟಿಗೆ ನಕ್ಕವು.

"ಬಂದ ನೋಡ್ರೋ, ಬೆನ್ನು ತೋರಿಸುವ ವೀರ! ಊರನ್ನು ಮಾರಿದ ಬಾಯಿ ಇದೇ ಅಲ್ಲವೇನೋ? ಗಂಡಸಾದರೆ ಒಮ್ಮೆ ಸೂರ್ಯನನ್ನು ನೆಟ್ಟಗೆ ನೋಡು!"

ಗೊಗ್ಗಿಗೆ ಮೊದಲ ಮಾತಿಗಿಂತ ಎರಡನೆಯದು ಹೆಚ್ಚು ಚುಚ್ಚಿತು, ಯಾಕೆಂದರೆ ಅದು ನಿಜ, ಚುಕ್ಕೆ ಸೂರ್ಯನಲ್ಲಿದೆ ಎಂದು ಕೂಗಿದ್ದು ಅವನೇ. "ಬೆನ್ನು ತೋರಿಸುವವನೇ ಹೌದು," ಎಂದು ಸೂರ್ಯನಿಗೆ ಬೆನ್ನು ಕೊಟ್ಟು ಬಟ್ಟೆ ಹರಡಿದ. ಬೆಳಕು ತಾಗಿ ಬಾಯಿಗಳು ಒಂದೊಂದಾಗಿ ಮುಚ್ಚಿದವು, ಹುಲಿ ಮಸಿಯಾಗಿ ಉದುರಿತು. ಆ ಹುಲಿಯ ಒಂದು ಹಲ್ಲು ನನ್ನ ಹತ್ತಿರವೇ ಇದೆ. ಎಲ್ಲಿಟ್ಟಿದ್ದೇನೋ ಮರೆತಿದೆ.

ಬೆಟ್ಟದ ನೆತ್ತಿಯಲ್ಲಿ ಸೂರ್ಯ ಕೂತಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಗೊಗ್ಗಿ ಕೊಳವೆ ನಿಲ್ಲಿಸಿ ಬಟ್ಟೆ ಹರಡಿದ. ಸೂರ್ಯ ಇಳಿದು ಬಂದ. ಒಂದು ಅಂಚಿನಲ್ಲಿ ಸಣ್ಣಗೆ ಕಚ್ಚಿದ ಗುರುತು. ಗ್ರಹಣ ಹಿಡಿದಿತ್ತು.

ಆಗ ಕೊಳವೆಯ ಹಿಂದಿನಿಂದ ಚಾಗಲೆಯ ದನಿ ಬಂತು.

"ಗೊಗ್ಗಣ್ಣ, ಚಳಿ ಆಗ್ತಿದೆ ಕಣೋ. ಆ ಮಾಂತ್ರಿಕ ನನ್ನನ್ನ ಸೂರ್ಯನೊಳಗೆ ಇಟ್ಟುಬಿಟ್ಟಿದ್ದಾನೆ. ಒಂದೇ ಒಂದು ಸಲ ಕಣ್ಣಿಟ್ಟು ನೋಡೋ. ಯಾರೂ ನೋಡದೆ ಸಾಯಲಾ?"

ಗೊಗ್ಗಿ ತಿರುಗಿದ. ತಲೆ ಕೊಳವೆಯ ಕಡೆ ಬಾಗಿತು. ಕಣ್ಣಿಗೂ ಗಾಜಿಗೂ ನಡುವೆ ಒಂದು ಗೇಣು ಉಳಿಯಿತು. ಕೆನ್ನೆಗೆ ಬಿಸಿ ತಾಗಿತು.

ಆಗ ಅವನಿಗೊಂದು ಹೊಳೆಯಿತು. ಚಾಗಲೆ ಹುಟ್ಟಿದಾಗಿನಿಂದ ಯಾವತ್ತೂ ಅವನನ್ನು ಸೂರ್ಯನ ಕಡೆ ಕರೆದವಳಲ್ಲ. ಸೂರ್ಯನಿಗೆ ಅಡ್ಡ ಬಂದವಳು.

"ನೀನು ನನ್ನ ತಂಗಿ ಅಲ್ಲ," ಎಂದು ಅವನು ಬೆನ್ನು ತಿರುಗಿಸಿದ.

ಕೊಳವೆಯ ಹಿಂದಿನಿಂದ ಕಪ್ಪು ಮುಸುವ ಕೋತಿಯೊಂದು ಹಾರಿತು. ಅದಕ್ಕೆ ಚಾಗಲೆಯ ಕೂದಲು, ಚಾಗಲೆಯ ದನಿ. ಕೊಳವೆಯನ್ನು ಹಿಡಿದು ಅವನ ಮುಖಕ್ಕೆ ಒತ್ತಲು ಬುಗುರಿಯಂತೆ ತಿರುವಿತು. ಗೊಗ್ಗಿ ಕಣ್ಣು ಮುಚ್ಚಿ ಬಟ್ಟೆಯನ್ನು ಅದರ ಮೇಲೆಸೆದ. ಬಟ್ಟೆಯ ಮೇಲಿನ ಬೆಳಕು ತಾಗಿ ಆ ಕೋತಿಯೂ ಮಸಿಯಾಗಿ ಉದುರಿತು, ಬಟ್ಟೆ ಕೊಳವೆಯ ಕೆಳಗೇ ಬಿತ್ತು. ಕೊಳವೆ ಮಾತ್ರ ಸೂರ್ಯನ ಕಡೆಗೇ ಮುಖ ಮಾಡಿ ನಿಂತಲ್ಲೇ ಇನ್ನೂ ತಿರುಗುತ್ತಲೇ ಇತ್ತು.

ಗೊಗ್ಗಿ ಬಟ್ಟೆಯ ಕಡೆ ನೋಡಿದ.

ಕೊಳವೆ ತಿರುಗುತ್ತಿದ್ದರೂ ಸೂರ್ಯನ ಕಲೆಗಳು ಇದ್ದಲ್ಲೇ ಇದ್ದವು. ಗ್ರಹಣದ ಕಚ್ಚೂ ಇದ್ದಲ್ಲೇ ಇತ್ತು. ಆ ಒಂದು ಚುಕ್ಕೆ ಮಾತ್ರ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಅದು ಸೂರ್ಯನಲ್ಲಿರಲಿಲ್ಲ. ಗಾಜಿನಲ್ಲಿತ್ತು. ತಾನು ದಿನವೂ ಹೊರಗಿನಿಂದ ಒರೆಸಿದ ಗಾಜಿನ ಒಳಮೈಯಲ್ಲಿ!

"ಓಹೋ, ತಿಳಿಯಿತೇ?" ಹಿಂದಿನಿಂದ ನೆರಳುಬಾಕನ ದನಿ. ಅವನು ಬೆಟ್ಟ ಹತ್ತಿ ಬರುತ್ತಿದ್ದ. ಸೂರ್ಯ ಕರಗಿದಷ್ಟೂ ಕೊಡೆ ಹಿಗ್ಗುತ್ತಿತ್ತು, ಅದರ ಮಡಿಕೆಗಳಲ್ಲಿ ಊರಿನ ನೆರಳುಗಳು ಬಾವಲಿಗಳ ಹಾಗೆ ಒದ್ದಾಡುತ್ತಿದ್ದವು. "ಕೊಳವೆಯಿಂದ ತೆಗೆದು ಬಿಸಿಲಿಗೆ ಹಿಡಿದರೆ ಮಾತ್ರ ಅರಗು ಕರಗುತ್ತದೆ, ರಾಜಕುಮಾರ. ಬಿಸಿಲೆಲ್ಲಿದೆ? ನೋಡು, ನಿನ್ನ ಸೂರ್ಯ ಉಗುರಿನಷ್ಟು ಉಳಿದಿದ್ದಾನೆ. ನಿನ್ನ ತಂಗಿಯೂ ಅಷ್ಟೇ ಉಳಿದಿರಬೇಕು."

ಗಾಳಿ ನಿಂತಿತು. ಹಕ್ಕಿಗಳು ಗೂಡು ಸೇರಿದವು. ಗೊಗ್ಗಿ ಗಾಜು ಕೂತಿದ್ದ ಹಿತ್ತಾಳೆ ಬಳೆಯನ್ನು ಕೊಳವೆಯಿಂದ ಕಿತ್ತು ಉಗುರಿನಿಂದ ಅರಗು ಕೆರೆದ. ಉಗುರು ಹರಿಯಿತು. ಕಲ್ಲಿಗೆ ಬಡಿಯಲು ಕೈಯೆತ್ತಿದ.

"ಒಡೆ, ಒಡೆ! ನಾನು ಚೂರುಚೂರಿನಲ್ಲೂ ಇರುತ್ತೇನೆ," ಎಂದು ಮಾಂತ್ರಿಕ ಕೈ ಚಾಚಿದ. ಅವನ ತಣ್ಣನೆಯ ಬೆರಳು ಗೊಗ್ಗಿಯ ನೆರಳಿನ ಕತ್ತು ಹಿಡಿಯಿತು. ಗೊಗ್ಗಿಯ ಗಂಟಲು ಮಂಜುಗಟ್ಟಿದ ಹಾಗಾಯಿತು.

ಗೊಗ್ಗಿ ಬಳೆಯನ್ನು ಬಾಯಿಗಿಟ್ಟು, ಮಕ್ಕಳು ಕಬ್ಬು ಸಿಗಿಯುವಂತೆ ಅರಗನ್ನು ಕಚ್ಚಿದ. ಮುಂದಿನ ಹಲ್ಲೊಂದು ಟಕ್ಕೆಂದು ಮುರಿಯಿತು. ಅರಗೂ ಮುರಿಯಿತು. ಗಾಜು ಅಂಗೈಗೆ ಬಿತ್ತು. ಅದರ ಒಳಮೈಗೆ ಅಂಟಿಕೊಂಡು ಒಂದು ಕರಿಯ ಉಣ್ಣೆಹುಳ, ಬೆಳಕು ಕುಡಿದು ಕುಡಿದು ಊದಿಕೊಂಡು, ಕಾಲಾಡಿಸುತ್ತಿತ್ತು.

ಗೊಗ್ಗಿ ಗಾಜಿನ ಮೇಲೆ "ಹಾ" ಎಂದು ಉಸಿರು ಬಿಟ್ಟ. ಗಾಜು ಮಸುಕಾಯಿತು. ಎದುರಿಗಿದ್ದ ನೆರಳುಬಾಕನೂ ಮಸುಕಾದ.

"ಬೇಡ! ರಾಜಕುಮಾರ, ಬೇಡ! ಮೂರು ಲೋಕ ಕೊಡುತ್ತೇನೆ!"

ಗೊಗ್ಗಿ ಪಂಚೆಯ ಚುಂಗಿನಿಂದ ಒಮ್ಮೆ ಒರೆಸಿದ. ಮಾಂತ್ರಿಕನ ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಇನ್ನೊಮ್ಮೆ ಒರೆಸಿದ. ಎದೆ ಹೋಯಿತು, ಚಾಚಿದ ಕೈ ಹೋಯಿತು. ಮೂರನೆಯ ಸಲ ಒರೆಸುವಾಗ ಸುಟ್ಟ ಕಣ್ಣಿನ ಮುಖ ಬಾಯಿ ತೆರೆದೇ ಅಳಿಸಿಹೋಯಿತು. ಲೋಕವನ್ನೇ ನಡುಗಿಸಿದವನು ಪಂಚೆಗೆ ಒಂದು ಕಲೆಯಾದ. ಅಗಸರು ಆ ಪಂಚೆಯನ್ನು ಮುಟ್ಟಲು ಒಪ್ಪದೆ ಕೊನೆಗೆ ಅದನ್ನು ಸುಟ್ಟರು.

ಕರಿಕೊಡೆ ತಾನಾಗಿ ಮಡಚಿಕೊಂಡು ಬಿತ್ತು. ಪೂರ್ತಿ ಮುಳುಗುವ ಮೊದಲೇ ಸೂರ್ಯ ಅಂಚಿನಿಂದ ಮತ್ತೆ ಅಗಲವಾಗತೊಡಗಿದ. ನೆರಳುಗಳು ಹೋ ಎಂದು ಊರಿನತ್ತ ಓಡಿದವು. ಅವಸರದಲ್ಲಿ ಒಂದೆರಡು ಅದಲುಬದಲಾದವು. ಮಂತ್ರಿಗೆ ಕತ್ತೆಯ ನೆರಳು ಸಿಕ್ಕಿತು. ವಾಪಸು ಕೊಡು ಎಂದರೆ ಕತ್ತೆ ಒಪ್ಪಲಿಲ್ಲ, ಅದಕ್ಕೆ ಮುಂಡಾಸಿನ ನೆರಳು ಹಿಡಿಸಿಬಿಟ್ಟಿತ್ತು. ಮಿಕ್ಕವರೆಲ್ಲ ಬಾಗಿಲು ತೆರೆದು ಬೀದಿಗೆ ಬಂದು, ತಂತಮ್ಮ ನೆರಳಿನ ಜೊತೆ ಕುಣಿದರು.

ಅಂದಿನಿಂದ ಹಗಲೂರಿನಲ್ಲಿ ಸೂರ್ಯನಿಗೆ ಕಲೆಯಿದೆ ಎಂದು ಯಾರಾದರೂ ಹೇಳಿದರೆ, ಪಕ್ಕದವರು "ಕೊಳವೆ ತಿರುಗಿಸಿದೆಯಾ?" ಎಂದು ಕೇಳುತ್ತಾರೆ.

ಮಾರನೆಯ ಬೆಳಿಗ್ಗೆ ಗೊಗ್ಗಿ ಗಾಜನ್ನು ಒಳಗೂ ಹೊರಗೂ ಒರೆಸಿ, ಹೊಸ ಬಟ್ಟೆಗೆ ಬೆಳ್ಳಿಲೇಪ ಬಳಿದು, ಸೂರ್ಯನಿಗೆ ಬೆನ್ನು ಕೊಟ್ಟು ಕೂತಿದ್ದ. ಅಚ್ಚು ಮೂಡುವ ಹೊತ್ತಿಗೆ ಸರಿಯಾಗಿ ಮೆಟ್ಟಿಲು ದಡದಡ ಸದ್ದು ಮಾಡಿತು. ಬೆಳಕಿಗೆ ಅಡ್ಡ ಒಂದು ಕೈ ಬಂತು.

"ಗೊಗ್ಗಣ್ಣ, ನೋಡೋ! ನಾಯಿ!"

ಮುಂದಿನ ಹಲ್ಲೊಂದಿಲ್ಲದ ಬಾಯಿ ತೆರೆದು ಗೊಗ್ಗಿ ಏನೋ ಬೈಯಲು ಹೋದ. ಬೈಯಲಿಲ್ಲ.

"ಅಲುಗಬೇಡ ಕಣೇ, ಪಿಶಾಚಿ," ಎಂದ. "ಹಾಗೇ ಹಿಡ್ಕೊ. ಪೂರ್ತಿ ಮೂಡಲಿ."

ಕಪ್ಪು ಸೂರ್ಯನೊಳಗೆ ಬೆಳ್ಳನೆಯ ನಾಯಿಯಿರುವ ಆ ಬಿಸಿಲಚ್ಚು ಇವತ್ತಿಗೂ ಓಲಗಶಾಲೆಯ ಗೋಡೆಯ ಮೇಲಿದೆ. ಆ ರಾಜ್ಯದವರು ಬಿಸಿಲಿನಲ್ಲೂ ಸುಖವಾಗಿದ್ದಾರೆ, ನೆರಳಿನಲ್ಲೂ ಸುಖವಾಗಿದ್ದಾರೆ. ಮಂತ್ರಿಯೊಬ್ಬ ಮಾತ್ರ ಮೋಡ ಕವಿದಾಗ ಹೊರಗೆ ಬರುತ್ತಾನೆ.